ಬಾಡಿಗೆ ಮನೆಗೊಂದು ತೇಗದ ಬಾಗಿಲು

ಬಾಬುರಾಯನಕೊಪ್ಪಲಿನಲ್ಲಿ ರಾಧಾಮಣಿ ಕೊಂಡ ಮನೆಗೆ ಗೋಡೆಯಿತ್ತು, ತಾರಸಿಯಿತ್ತು, ನಲ್ಲಿಯಲ್ಲಿ ನೀರಿತ್ತು, ಮೀಟರಿನಲ್ಲಿ ಕರೆಂಟಿತ್ತು. ಇಲ್ಲದಿದ್ದದ್ದು ಬಾಗಿಲೊಂದೇ. ಬಡಗಿಯ ಸೊಸೆ ಕೊಂಡ ಮನೆಗೆ ಬಾಗಿಲಿಲ್ಲವೆಂದರೆ ಯಾರಾದರೂ ನಗುತ್ತಾರೆ. ಆದರೆ ಮನೆಯಲ್ಲಿ ಬಡಗಿಯಿದ್ದದ್ದರಿಂದಲೇ ಬಾಗಿಲು ಹೋಗಿತ್ತು.

ರಾಧಾಮಣಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಪಾಂಡವಪುರದಿಂದ ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ, ಮತ್ತೆ ವಾಪಸ್ಸು, ಒಂದೊಂದು ದಿನ ಕೆ.ಆರ್. ಪೇಟೆಯವರೆಗೆ. ವರ್ಷಗಟ್ಟಲೆ ನಿಂತು ದುಡಿದವಳಿಗೆ ಮಂಡಿ ನೋಯತೊಡಗಿದ ಮೇಲೆ, ಮುಂದೊಂದು ದಿನವಾದರೂ ಕೂತು ಉಣ್ಣಬೇಕೆಂಬ ಆಸೆ ಹುಟ್ಟಿತು. ಕೆಲಸ ಬಿಡುವ ಹಾಗಿರಲಿಲ್ಲ. ಕೆಲಸವಿದ್ದರೆ ತಾನೇ ಬ್ಯಾಂಕಿನವರು ಕುರ್ಚಿ ಕೊಟ್ಟು ಮಾತಾಡಿಸುವುದು. ಸಂಬಳದ ಮೇಲೆ ಸಾಲ ತೆಗೆದು, ಯುಗಾದಿ ಕಳೆಯುತ್ತಲೇ ಆ ಹಳೇ ಮನೆಯನ್ನು ಕೊಂಡಳು. ವಾಸಕ್ಕಲ್ಲ, ಬಾಡಿಗೆಗೆ ಬಿಡುವುದಕ್ಕೆ. ಶಾಲೆ ಶುರುವಾಗುವ ಹೊತ್ತಿಗೆ ಜನ ಮನೆ ಹುಡುಕುತ್ತಾರೆ. ಅಷ್ಟರೊಳಗೆ ಬಣ್ಣ ಬಳಿದು ಬೋರ್ಡು ತಗುಲಿಸಿದರೆ ಬ್ಯಾಂಕಿನ ಕಂತನ್ನು ಬಾಡಿಗೆಯೇ ಕಟ್ಟಿಕೊಂಡು ಹೋಗುತ್ತದೆ ಎಂಬುದು ಅವಳ ಎಣಿಕೆ.

ಹಳೇ ಬಾಗಿಲಿನ ಬುಡಕ್ಕೆ ಗೆದ್ದಲು ಹಿಡಿದಿತ್ತು. ಒಂದು ಹಲಗೆ ಹಾಕಿ ರಿಪೇರಿ ಮಾಡಿದರೆ ಸಾಕು ಎಂದು ಮಾವ ವೆಂಕಟೇಶಾಚಾರಿಯವರನ್ನು ಅಲ್ಲಿಗೆ ಬಿಟ್ಟು ಡ್ಯೂಟಿಗೆ ಹೋದಳು. ಆಚಾರಿ ಬೆರಳಲ್ಲಿ ಕುಟ್ಟಿ ನೋಡಿದರು, ಕಿವಿಯಿಟ್ಟು ಕೇಳಿದರು. ಸಂಜೆ ಅವಳು ಬರುವಷ್ಟರಲ್ಲಿ ಬಾಗಿಲು, ಚೌಕಟ್ಟು ಎರಡನ್ನೂ ಕಿತ್ತು ಪಕ್ಕದ ಮನೆಯವರ ನೀರೊಲೆಗೆ ದಾನ ಮಾಡಿದ್ದರು.

"ಬಾಡಿಗೆ ಮನೆಗೆ ರೆಡಿಮೇಡ್ ಬಾಗ್ಲೇ ಸಾಕಾಗಿತ್ತಲ್ಲ ಮಾವ" ಎಂದಳು ರಾಧಾಮಣಿ.

"ನಾನ್ ಬದುಕಿದ್ದಂಗೇ ನನ್ ಸೊಸೆ ಮನೆ ರಟ್ಟಿನ ಬಾಗ್ಲು ಹಾಕ್ಕಂಡು ನಿಂತ್ರೆ ನೋಡ್ದೋರು ಏನಂದಾರು? ಅಟ್ಟದ್ ಮೇಲೆ ತೇಗದ ಹಲಗೆ ಅವೆ. ವಾರದಲ್ಲಿ ಮುಗಿಸ್ತೀನಿ ಬುಡವ್ವ."

ಯಾವ ವಾರ ಎಂದು ಅವಳು ಕೇಳಲಿಲ್ಲ. ತಪ್ಪಾದದ್ದು ಅಲ್ಲೇ.

ಬಾಗಿಲಿಲ್ಲದ ಮನೆಗೆ ಕಾವಲು ಬೇಕಲ್ಲ. ಆಚಾರಿ ಚಾಪೆ, ದಿಂಬು, ಉಳಿ, ಕೊಡತಿ ಸಮೇತ ನಡುಮನೆಯಲ್ಲೇ ಬೀಡುಬಿಟ್ಟರು. ಅತ್ತೆ ದೊಡ್ಡತಾಯಮ್ಮ ದಿನಾ ಮುದ್ದೆ, ಉಪ್ಸಾರು ಕಟ್ಟಿಕೊಡುವರು. ರಾಧಾಮಣಿಯ ಬಸ್ಸು ಬಾಬುರಾಯನಕೊಪ್ಪಲಿನಲ್ಲಿ ನಿಂತಾಗ ಆಚಾರಿ ಕೆಳಗಿನಿಂದ ಖಾಲಿ ಕ್ಯಾರಿಯರ್ ಮೇಲಕ್ಕೆ ಕೊಟ್ಟು ತುಂಬಿದ್ದನ್ನು ಇಳಿಸಿಕೊಳ್ಳುವರು. ಅಷ್ಟರಲ್ಲೇ ಸೊಸೆ, ಎಲ್ಲಿಗೆ ಬಂತು ಮಾವ ಎಂದು ಕೇಳಬೇಕು. ಅವರು, ಚೌಕಟ್ಟು ಆಯ್ತು ಎನ್ನುವರು. ಇನ್ನೊಂದು ವಾರ, ಬಾಗಿಲ ರೆಕ್ಕೆ ಆಯ್ತು ಎನ್ನುವರು. ಅದಾದ ಮೇಲೆ ತಲೆಪಟ್ಟಿ, ಅಂದರೆ ಬಾಗಿಲ ಮೇಲೆ ಚೌಕಟ್ಟಿನಲ್ಲಿ ಕೂರುವ ಹಲಗೆ. ಅದರಲ್ಲಿ ಗಜಲಕ್ಷ್ಮಿ.

"ಎಲ್ಲಿಗೆ ಬಂತು ಮಾವ?"

"ಎಡಗಡೆ ಆನೆ ಸೊಂಡ್ಲಲ್ಲಿ ಇವ್ನಿ ಕಣವ್ವ."

ಡ್ರೈವರು ನಕ್ಕು ಬಸ್ಸು ಬಿಟ್ಟ.

ಶಾಲೆ ಶುರುವಾಗುವ ಮುಂಚೆ ಮನೆ ಕೇಳಿಕೊಂಡು ಜನ ಬಂದದ್ದು ನಿಜ. ಬಂದವರನ್ನೆಲ್ಲ ಆಚಾರಿ ಮರದ ಹೊಟ್ಟಿನ ನಡುವೆ ಕೂರಿಸಿ ವಿಚಾರಿಸಿಕೊಂಡರು. ಕಂಡವರ ದನಿ ಕದಿಯುವ ಚಾಳಿ ರಾಧಾಮಣಿಯದು. ಒಂದು ಸಂಜೆ ಊಟದ ಹೊತ್ತಿನಲ್ಲಿ, ಆ ದಿನ ಬಂದು ಹೋದ ಮೇಷ್ಟ್ರ ಕಥೆಯನ್ನು ಪಾಂಡವಪುರದ ಮನೆಯ ಅಡುಗೆಕೋಣೆಯಲ್ಲೇ ಆಡಿ ತೋರಿಸಿದಳು. ಮೊದಲು ಕತ್ತು ನೀಡಿ ಮೇಷ್ಟ್ರಾದಳು, ಆಮೇಲೆ ಬಡಗಿಯ ಪೆನ್ಸಿಲ್ಲಿನ ಹಾಗೆ ಕಿವಿಗೆ ಸೌಟು ಸಿಕ್ಕಿಸಿಕೊಂಡು ಮಾವನಾದಳು. ಬಾಗಿಲಿಗೆ ಮೊಳೆ ಹೊಡೀತೀರಾ? ಇಲ್ಲ ಯಜಮಾನ್ರೇ. ತೋರಣ ಎಲ್ಲಿಗೆ ಕಟ್ತೀರಿ? ಕಟ್ಟೋದೇ ಇಲ್ಲ. ಹಬ್ಬಕ್ಕೆ ತೋರಣ ಕಟ್ದೇ ಇರೋರು ಎಂಥ ಜನ? ಮಕ್ಕಳು ಬಾಗಿಲು ಹಿಡಿದು ಜೋತಾಡ್ತಾವಾ? ಮೇಷ್ಟ್ರು ಜೋಲುಮೋರೆ ಹಾಕಿಕೊಂಡು ಎದ್ದು ಹೋದರಂತೆ.

ಮಗಳು ಸ್ನೇಹ ನಕ್ಕು ನಕ್ಕು ಮುದ್ದೆ ನುಂಗಲಾರದೆ ಕೆಮ್ಮಿದಳು. ಗಂಡ ಹೇಮಂತ್ ನಗಲಿಲ್ಲ. ಪೇಟೆಯ ಚಿನ್ನದಂಗಡಿಯೊಂದರಲ್ಲಿ ದಿನವಿಡೀ ಬಗ್ಗಿ ಕೂತು ಬೆಸುಗೆ ಹಾಕುವವನು ಅವನು, ಸಣ್ಣದನ್ನು ದೊಡ್ಡದು ಮಾಡಿ ನೋಡುವುದೇ ಅವನ ಕಸುಬು.

"ನೀನ್ ನಗಾಡು. ಕಂತೆಲ್ಲ ನಿನ್ ಸಂಬಳದಲ್ಲೇ ಓಯ್ತಾ ಅದೆ. ಮನೇಗೆ ಹಾಲು ಅರ್ಧಕ್ಕರ್ಧ ಇಳೀತು. ಬೆಳಿಗ್ಗೆ ಕಾಫೀಲಿ ನನ್ ಮೊಕ ಕಾಣ್ತಿತ್ತು."

"ಕನ್ನಡಿ ಖರ್ಚು ಉಳೀತಲ್ಲ ಬುಡಿ" ಎಂದಳು ರಾಧಾಮಣಿ.

"ತಮಾಸೆ ಸಾಕು. ಆ ಬ್ರೋಕರ್ ಕರಿಯಪ್ಪ ಸಿಕ್ಕಿದ್ದ. ಮೈಸೂರಿನ ಪಾರ್ಟಿ ಒಂದು ಅದೆಯಂತೆ. ನಾವ್ ಕೊಟ್ಟಷ್ಟಕ್ಕೇ ತಗತಾರಂತೆ. ಮನೆ ಒಡ್ದು ಹೋಟ್ಲು ಕಟ್ತಾರಂತೆ."

ಬಡಿಸುತ್ತಿದ್ದ ದೊಡ್ಡತಾಯಮ್ಮನ ಕೈ ನಿಂತಿತು. "ಒಡ್ದು ಅಂದ್ರೆ? ನಿಮ್ಮಪ್ಪ ಮಾಡ್ತಾ ಇರೋ ಬಾಗ್ಲು?"

"ಮನೆ ಒಡ್ದೋರು ಬಾಗ್ಲು ಇಟ್ಕಂಡು ಏನ್ ಮಾಡಾರವ್ವ. ಆಷಾಢ ಬರೋದ್ರೊಳಗೆ ಯಾರಾದ್ರೂ ಬಂದ್ರೆ ಸರಿ. ಇಲ್ದಿದ್ರೆ ಕೊಟ್ಬುಡಾನ. ನಿನ್ ಕಾಲ್ನೋವು ನೋಡಕಾಯ್ತಿಲ್ಲ ನಂಗೆ" ಎಂದ ಹೇಮಂತ್. ಕಡೆಯ ಮಾತನ್ನು ಹೆಂಡತಿಯ ಕಡೆ ನೋಡದೆ ಹೇಳಿದ.

ರಾಧಾಮಣಿ ಮಂಡಿಯ ಮೇಲಿದ್ದ ಕೈ ತೆಗೆದು ತಟ್ಟೆ ಎಳೆದುಕೊಂಡಳು. ಓ.ಟಿ. ಮೇಲೆ ಓ.ಟಿ. ಮಾಡುತ್ತಿದ್ದದ್ದು ಗಂಡನ ಕಣ್ಣಿಗೆ ಬಿದ್ದಿಲ್ಲವೆಂದುಕೊಂಡಿದ್ದಳು. ನಾಗಮಂಗಲದ ಬಾಡಿಗೆ ಮನೆಗಳಲ್ಲಿ ಬೆಳೆದವಳು ಅವಳು. ತನ್ನ ಹೆಸರಿನ ಮನೆಯ ಕಾಗದ ಕೈಗೆ ಬಂದ ದಿನ ಅದನ್ನು ಯೂನಿಫಾರಂ ಜೇಬಿನಲ್ಲಿಟ್ಟುಕೊಂಡು ಇಡೀ ಎರಡು ಟ್ರಿಪ್ಪು ಹೊಡೆದಿದ್ದಳು. ಅದನ್ನು ಮಾರಿಬಿಟ್ಟರೆ ಇನ್ನೊಂದು ಮನೆಗೆ ಕೈ ಹಾಕುವ ಧೈರ್ಯ ತನಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಶಾಲೆಗಳು ತೆರೆದವು. ಮನೆ ಹುಡುಕುವವರು ಎಲ್ಲೆಲ್ಲೋ ಸೇರಿಕೊಂಡರು. ಆಚಾರಿ ಬಲಗಡೆಯ ಆನೆಗೆ ಗೆಜ್ಜೆ ಕಟ್ಟುತ್ತಿದ್ದರು. ಕೊನೆಗೆ ಜ್ಯೇಷ್ಠ ಮಾಸ ಮುಗಿಯಲು ಇನ್ನೇನು ಎನ್ನುವಾಗ ಬಾಗಿಲು ನಿಂತಿತು. ನಿಂತದ್ದನ್ನು ನೋಡಿ ರಾಧಾಮಣಿಗೆ ಸಿಟ್ಟೆಲ್ಲ ಮರೆತುಹೋಯಿತು, ಅಷ್ಟು ಚೆನ್ನಾಗಿತ್ತು. ಆನೆಗಳು ಸೊಂಡಿಲೆತ್ತಿ ನೀರು ಸುರಿಯುತ್ತಿದ್ದವು, ನಡುವೆ ಲಕ್ಷ್ಮಿ ಈಗಷ್ಟೇ ಮಿಂದು ಕೂತ ಹಾಗಿದ್ದಳು. ಇಡೀ ಕೆಲಸದಲ್ಲಿ ಒಂದು ಕಬ್ಬಿಣದ ಮೊಳೆಯಿರಲಿಲ್ಲ.

ಮಾರನೇ ವಾರ ಆಷಾಢ ಕಾಲಿಟ್ಟಿತು. ಆಷಾಢದಲ್ಲಿ ಯಾರು ಮನೆ ಬದಲಾಯಿಸುತ್ತಾರೆ? ಬೋರ್ಡು ನೋಡಿ ಫೋನು ಮಾಡಿದವರೆಲ್ಲ ಶ್ರಾವಣದಲ್ಲಿ ಬರುತ್ತೇವೆಂದರು. ಕರಿಯಪ್ಪ ಮಾತ್ರ ಮುಂದಿನ ಭಾನುವಾರವೇ ಬರುತ್ತೇನೆಂದು ಹೇಮಂತನಿಗೆ ಹೇಳಿ ಕಳಿಸಿದ. ಟೋಕನ್ ಅಡ್ವಾನ್ಸ್ ತರುತ್ತಾನಂತೆ, ಆ ಪಾರ್ಟಿಗೆ ಆಷಾಢ ಗೀಷಾಢ ಇಲ್ಲವಂತೆ.

ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸತು. ಹತ್ತುವವರು ಹತ್ತುತ್ತಲೇ ಇದ್ದರು, ಇಳಿಯುವವರಿಗೆ ದಾರಿಯಿರಲಿಲ್ಲ. ಆ ನೂಕಾಟದಲ್ಲೂ ರಾಧಾಮಣಿಗೆ ಗುರುತಿನ ಮುಖಗಳಿದ್ದವು. ಶ್ರೀರಂಗಪಟ್ಟಣದಲ್ಲಿ ಹತ್ತಿ ಮೈಸೂರಿನ ಲ್ಯಾಬೊಂದರ ಕೆಲಸಕ್ಕೆ ಹೋಗುವ ಸಾಬಿರಾ ಅಂಥವಳು. ಗಂಡ ಯಾಸಿನ್‌ಗೆ ಮೈಸೂರು ರಸ್ತೆಯಲ್ಲಿ ಪಂಕ್ಚರ್ ಅಂಗಡಿ. ಇರುವ ಮನೆಯ ಓನರು ಮಗನ ಮದುವೆಗೆಂದು ಮನೆ ಬಿಡಿಸುತ್ತಿದ್ದಾರೆ, ಬಕ್ರೀದಿಗೆ ಮುಂಚೆ ಖಾಲಿ ಮಾಡಬೇಕು ಎಂದು ಹಿಂದಿನ ವಾರ ಹೇಳಿದ್ದಳು. ಮನೆ ಸಿಕ್ಕಿತೇ ಎಂದು ಟಿಕೆಟು ಹರಿಯುತ್ತಲೇ ರಾಧಾಮಣಿ ವಿಚಾರಿಸಿದಳು.

"ಎಲ್ಲಿ ಅಕ್ಕ? ಆಷಾಢ ಕಳೀಲಿ ನೋಡೋಣ ಅಂತಾರೆ. ಆಷಾಢ ನಿಮ್ಗೆ, ನಮ್ಗೆಲ್ಲಿದೆ? ಹೋದ್ಸಲ ಹುಡುಕಿದಾಗ್ಲೂ ಇದೇ ಮಾತು ಹೇಳಿದ್ರು, ಅದು ಜನವರಿ ತಿಂಗಳು. ನಮ್ಮನ್ನ ನೋಡಿದ್ರೆ ಓನರ್‌ಗಳಿಗೆ ವರ್ಷವಿಡೀ ಆಷಾಢ."

ರಾಧಾಮಣಿ ನಕ್ಕಳು. ನಕ್ಕ ಮೇಲೆ ಕೈಯಲ್ಲಿದ್ದ ಮಿಷನ್ನಿನ ಗುಂಡಿ ಒತ್ತುವುದನ್ನು ಮರೆತಳು. ತಾನೂ ಒಬ್ಬ ಓನರ್ ಅಲ್ಲವೇ ಎಂಬುದು ಆಗಷ್ಟೇ ನೆನಪಾಯಿತು.

"ನಂದೊಂದು ಮನೆ ಅದೆ. ಭಾನುವಾರ ಬೆಳಿಗ್ಗೆ ನಿಮ್ಮೋರ್ನೆಲ್ಲ ಕರ್ಕಂಡು ಬಾ" ಎಂದಳು.

ಮನೆಯಲ್ಲಿ ಹೇಳಿದಾಗ ಹೇಮಂತ್ ಒಂದೇ ಮಾತಿನಲ್ಲಿ ಮುಗಿಸಿದ. ಭಾನುವಾರ ಹನ್ನೊಂದಕ್ಕೆ ಕರಿಯಪ್ಪ ಬರುತ್ತಾನೆ, ಅಷ್ಟರೊಳಗೆ ಅವರು ಒಪ್ಪಿದರೆ ಅವರಿಗೆ, ಇಲ್ಲದಿದ್ದರೆ ಇವನಿಗೆ. ದೊಡ್ಡತಾಯಮ್ಮ ಮಾತ್ರ ಸೊಪ್ಪು ಸೋಸುವ ಮೊರವನ್ನು ಪಕ್ಕಕ್ಕಿಟ್ಟು ಕೂತರು.

"ನಮ್ ಮನೇಲಿ ಮೊಟ್ಟೆ ಸೈತ ಬೇಯಿಸಿಲ್ಲ. ಜನಿವಾರ ಹಾಕೋರ ಮನೆ. ಗೊತ್ತಿದ್ದೂ ಗೊತ್ತಿದ್ದೂ ಇಂಗೆ ಮಾಡೀಯಾ?"

"ಅತ್ತೆ, ಬಾಬುರಾಯನಕೊಪ್ಪಲಲ್ಲಿ ಒಗ್ಗರಣೆ ಹಾಕುದ್ರೆ ಪಾಂಡವಪುರದಲ್ಲಿ ನಿಮ್ ಮೂಗಿಗೆ ಬಡೀತದಾ?"

"ನನ್ ಮೂಗಿನ್ ಮಾತಲ್ಲ ಕಣೆ. ಬಾಗ್ಲ ಮೇಲೆ ಲಕ್ಷ್ಮಿ ಕೂತವ್ಳೆ. ಅವಳ ಮೂಗಿಗೆ?"

ಆ ವಾರವಿಡೀ ಮನೆಯಲ್ಲಿ ಉಪ್ಸಾರಿಗೆ ಉಪ್ಪು ಹೆಚ್ಚಾಯಿತು, ಯಾರೂ ದೂರಲಿಲ್ಲ.

ಭಾನುವಾರ ತಾನು ಬರುವುದಿಲ್ಲವೆಂದಿದ್ದ ದೊಡ್ಡತಾಯಮ್ಮ ಎಲ್ಲರಿಗಿಂತ ಮುಂಚೆ ಸೀರೆಯುಟ್ಟು ನಿಂತಿದ್ದರು. ಬೇಡವೆನ್ನುವುದನ್ನು ಎದುರಿಗೇ ನಿಂತು ಹೇಳಿ ಬರುತ್ತಾರಂತೆ. ಬಾಬುರಾಯನಕೊಪ್ಪಲಿನಲ್ಲಿ ಸಾಬಿರಾ, ಯಾಸಿನ್ ಆಗಲೇ ಬಂದು ಅಂಗಳದಲ್ಲಿದ್ದರು. ಜೊತೆಗೆ ಯಾಸಿನ್‌ನ ತಾಯಿ ರೆಹಮತುನ್ನೀಸಾ, ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಹಿರಿಮಗ ಜಫರ್‌ನ ಜೊತೆ ಇರುವವರು. ಅವರು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದರು, ಅಡುಗೆಕೋಣೆಯ ಕಿಟಕಿ ತೆಗೆದು ಮುಚ್ಚಿ ನೋಡಿದರು, ನಡುಮನೆಯಲ್ಲಿ ನಿಂತು ನಮಾಜಿನ ದಿಕ್ಕು ಲೆಕ್ಕ ಹಾಕಿದರು. ಕೊನೆಗೆ ಮತ್ತೆ ಹೊಸಿಲಿಗೆ ಬಂದು ತಲೆಯೆತ್ತಿದವರು ಹಾಗೇ ನಿಂತರು. ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಸಾಬಿರಾಳ ಮುಖ ಇಳಿಯಿತು.

"ಅಕ್ಕಾವ್ರೆ, ತಪ್ಪು ತಿಳ್ಕೋಬೇಡಿ" ಎಂದರು ರೆಹಮತುನ್ನೀಸಾ, ದೊಡ್ಡತಾಯಮ್ಮನ ಕಡೆ ತಿರುಗಿ. "ಮನೆ ಚೆನ್ನಾಗಿದೆ. ಬಾಗ್ಲು ಇನ್ನೂ ಚೆನ್ನಾಗಿದೆ, ಮಾಶಾಅಲ್ಲಾ. ಆದ್ರೆ ನಾವು ನಮಾಜ್ ಮಾಡೋ ಜನ. ಬಾಗ್ಲ ಮೇಲೆ ನಿಮ್ ದೇವ್ರು. ಪರದೆ ಹಾಕಿ ಮುಚ್ಚಿದ್ರೆ ನಿಮ್ಗೆ ಅವಮಾನ, ಮುಚ್ಚದಿದ್ರೆ ನಮ್ಗೆ ಆಗಲ್ಲ. ಚಪ್ಪಲಿ ಬಿಡೋದೂ ಅದ್ರ ಕೆಳಗೇ. ಅದೂ ಸರಿಯಲ್ಲ."

ಮನೆ ಕೊಡುವವರು ಬೇಡವೆನ್ನುವುದನ್ನು ದೊಡ್ಡತಾಯಮ್ಮ ಕೇಳಿದ್ದರು. ಕೇಳಿಕೊಂಡು ಬಂದವರೇ ಮೊದಲು ಬೇಡವೆಂದುಬಿಟ್ಟರೆ ತಾವು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಎಲ್ಲಿಡುವುದು?

"ಅಡಿಗೆ?" ಎಂದರು, ಏನಾದರೂ ಕೇಳಬೇಕಲ್ಲ ಎಂದು.

"ಭಾನುವಾರ ಕೋಳಿ ಮಾಡ್ತಾರೆ. ಸುಳ್ಳು ಹೇಳಿ ಮನೆ ತಗೊಳ್ಳಲ್ಲ ನಾವು. ಹಬ್ಬ ಎಲ್ಲಾ ಗಂಜಾಮಲ್ಲಿ, ನಮ್ಮನೇಲಿ."

"ಅದ್ಕೇಯ ನಂಗೂ ಒಪ್ಗೆ ಇಲ್ಲ. ನಮ್ ಲಕ್ಷ್ಮಿ ಕೆಳಗೆ ಕೋಳಿ ಬೇಯಬಾರ್ದು."

"ಬೇಯಬಾರ್ದು. ಅವ್ಳು ಇಲ್ಲಿರಬಾರ್ದು."

"ಅದೇಯ ನಾನೂ ಯೋಳ್ತಾ ಇರಾದು."

"ನಾನೂ ಅದೇ ಹೇಳಿದ್ದು."

ಹೇಳಿ ಮುಗಿಸಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಜಗಳಕ್ಕೆಂದು ನಿಂತವರು ಯಾವಾಗಲೋ ಒಂದೇ ಕಡೆ ಬಂದು ನಿಂತಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ ಆಚಾರಿಯವರ ಕಡೆ ತಿರುಗಿದರು.

ಆಚಾರಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಗೋಡೆಗೊರಗಿದ್ದರು. ರಸ್ತೆಯಲ್ಲಿ ಸ್ಕೂಟರು ನಿಂತ ಸದ್ದಾಯಿತು. ಕರಿಯಪ್ಪ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ. ತಲೆಪಟ್ಟಿ ಬಿಚ್ಚುತ್ತೀರಾ ಎಂದು ಒಂದು ಮಾತು ಕೇಳಿದರೆ ಮನೆ ಉಳಿಯುತ್ತದೆ. ಆ ಮಾತನ್ನು ಯಾರ ದನಿಯಲ್ಲಿ ಕೇಳಬೇಕೋ ರಾಧಾಮಣಿಗೆ ತಿಳಿಯಲಿಲ್ಲ.

"ಬ್ಯಾಡಿ ಮಾವ" ಎಂದಳು. "ಹಗಲೂ ರಾತ್ರಿ ಕೂತ್ಕಂಡು ಕೆತ್ತಿರೋದು. ಮನೆ ಹೋದ್ರೆ ಹೋಗ್ಲಿ, ಬಾಗ್ಲು ಬಿಚ್ಕಂಡು ಹೋಗಾನ."

ಆಚಾರಿ ತಲೆಪಟ್ಟಿಯನ್ನು ನೋಡುತ್ತಲೇ ಮಾತಾಡಿದರು.

"ರೆಡಿಮೇಡ್ ಬಾಗ್ಲು ಬಂದ್ಮೇಲೆ ನನ್ನ ಯಾರೂ ಕರೀಲಿಲ್ಲ ಕಣವ್ವ. ನೀನ್ ಕರ್ದೆ. ಒಂದ್ ಹಲಗೆ ಹಾಕು ಅಂದ್ರೆ ನಿನ್ ಮನೇನೇ 	ಇಡ್ಕಂಡ್ ಕೂತ್ಬುಟ್ಟೆ. ಇಸ್ಕೂಲ್ ಶುರುವಾಗಿದ್ದು ನಂಗ್ ಗೊತ್ತಿರಲಿಲ್ವಾ? ಮುಗುದ್ಬುಟ್ರೆ ಮತ್ತೆ ಜಗಲಿ ಮೇಲೆ ಕೂತ್ಕಂಡು ದಾರಿ ನೋಡ್ಬೇಕಲ್ಲ ಅಂತ, ಆನೆಗೊಂದು ಸರ, ಸರಕ್ಕೊಂದು ಗೆಜ್ಜೆ ಅಂತ ಎಳೀತಾ ಓದೆ. ಸುಖವಾಗಿದ್ದೆ ಕಣವ್ವ ನಾನು, ಈ ಹೊಟ್ಟಿನೊಳಗೆ. ನೀನು ಒಂದ್ ದಿನಾನೂ ಬೇಗ ಮುಗ್ಸಿ ಅನ್ಲಿಲ್ಲ, ಊಟ ತಪ್ಪಿಸ್ಲಿಲ್ಲ. ಇನ್ನೂ ನಿನ್ ಮನೆ ಕಳುದ್ರೆ ನಾನೆಂಥ ಮನುಸ? ಲೇ ಹೇಮಂತ, ಆ ಕೊಡತಿ ತಕ್ಕಂಡ್ ಬಾರ್ಲಾ."

ಮೊಳೆ ಹೊಡೆಯದೆ ಕೂರಿಸಿದ ಕೆಲಸ. ಎರಡೂ ಬದಿಯ ಮರದ ಕೀಲುಗಳನ್ನು ಮೆಲ್ಲಗೆ ತಟ್ಟಿದರು. ಹಲಗೆ ತೋಡಿನಿಂದ ಜಾರಿ ಅವರ ಅಂಗೈಗೆ ಬಂತು. ರೆಹಮತುನ್ನೀಸಾ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ದೊಡ್ಡತಾಯಮ್ಮ ಹಲಗೆಯನ್ನು ಮಡಿಲಿಗೆ ತೆಗೆದುಕೊಂಡರು.

ಮೇಲೆ ಖಾಲಿಯಾದ ಜಾಗದಿಂದ ಬೆಳಕು ನಡುಮನೆಗೆ ಬಿತ್ತು. ಕರಿಯಪ್ಪ ಬ್ಯಾಗು ಹಿಡಿದು ಒಳಗೆ ಬಂದ. ಯಾರು ಏನು ಹೇಳುತ್ತಾರೋ ಎಂದು ರಾಧಾಮಣಿ ನೋಡುತ್ತಿದ್ದಳು. ಮಾತಾಡಿದವನು ಹೇಮಂತ್.

"ತಡ ಮಾಡ್ಬುಟ್ಟೆ ಕಣ್ಲಾ ಕರಿಯಪ್ಪ. ಮನೆ ಬಾಡಿಗೆಗೆ ಓಯ್ತು." ಹಾಗೆಂದು ಯಾಸಿನ್ ಕಡೆ ತಿರುಗಿ ಗಂಭೀರವಾಗಿ ಸೇರಿಸಿದ, "ಮೊಳೆ ಮಾತ್ರ ಹೊಡೀಬ್ಯಾಡಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ದೊಡ್ಡತಾಯಮ್ಮ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಬಸ್ಸಿನ ಕಂಡಕ್ಟರು ಹೊಸ ಹುಡುಗ, ಇದಕ್ಕೆ ಲಗೇಜು ಚಾರ್ಜು ಹಾಕಬೇಕಾಗುತ್ತದಲ್ಲ ಎಂದು ರಾಗ ಎಳೆದ. ಸರಿಯಾಗಿ ನೋಡಪ್ಪ, ಇವಳೂ ಹೆಂಗಸೇ ಎಂದರು ದೊಡ್ಡತಾಯಮ್ಮ. ರಾಧಾಮಣಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಅತ್ತೆಯ ಬಾಯಿಂದ ತಮಾಷೆ ಬಂದಿತ್ತು, ಅದಕ್ಕಾಗಿ ಯಾರಿಗೆ ಕೈಮುಗಿಯಬೇಕೋ ತಿಳಿಯದೆ ತೊಡೆಯ ಮೇಲಿದ್ದವಳಿಗೇ ಮುಗಿದಳು.

ಸಾಬಿರಾ ಬಕ್ರೀದಿಗೆ ಮುಂಚೆ ಮನೆ ತುಂಬಿಕೊಂಡಳು. ಮೊದಲು ಹಾಲು ಉಕ್ಕಿಸಬೇಕೆಂದು ದೊಡ್ಡತಾಯಮ್ಮ ಫೋನಿನಲ್ಲಿ ಹೇಳಿದ್ದರಂತೆ. ಅವಳು ಉಕ್ಕಿಸಿದಳು, ಉಳಿದದ್ದಕ್ಕೆ ಶಾವಿಗೆ ಹಾಕಿ ಒಂದು ಡಬ್ಬಿ ಬಸ್ಸಿನಲ್ಲಿ ರಾಧಾಮಣಿಯ ಕೈಗಿತ್ತಳು. ದೊಡ್ಡತಾಯಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು, ಏಲಕ್ಕಿ ಜಾಸ್ತಿಯಾಯಿತು ಎಂದರು, ಎರಡು ಸಲ ಹಾಕಿಸಿಕೊಂಡು ತಿಂದರು. ತಿಂಗಳಾದ ಮೇಲೆ ಬಾಡಿಗೆ ಬಂತು. ಕಾಫಿಗೆ ಮತ್ತೆ ಕಾಫಿಯ ಬಣ್ಣ ಬಂತು. ರಾಧಾಮಣಿ ಓ.ಟಿ. ಬಿಟ್ಟು ಸಂಜೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂರತೊಡಗಿದಳು. ಖಾಲಿಯಾಗಿದ್ದ ತಲೆಪಟ್ಟಿಯ ಜಾಗಕ್ಕೆ ಆಚಾರಿ ಬಳ್ಳಿ ಕೆತ್ತಿದ ಹಲಗೆ ಮಾಡಿ ಕೂರಿಸಿ ಬಂದರು. ಈ ಸಲ ಹೇಳಿದ ವಾರಕ್ಕೇ ಮುಗಿಯಿತು. ಅದನ್ನು ನೋಡಲು ಬಂದ ರೆಹಮತುನ್ನೀಸಾ ಬಹಳ ಹೊತ್ತು ನೋಡಿ, ಜಫರ್‌ನ ಹೊಸ ಮನೆಗೂ ಇಂಥದ್ದೇ ಬಾಗಿಲು ಬೇಕು, ಕೂಲಿ ಎಷ್ಟು ಹೇಳಿ ಎಂದು ಕೇಳಿದರಂತೆ.

ಶ್ರಾವಣದ ಒಂದು ಸೋಮವಾರ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಟ್ರಿಪ್ಪಿಗೆ ಜನ ಹತ್ತುತ್ತಿದ್ದರು. ಹೆಂಗಸರ ನಡುವೆ ನುಸುಳಿಕೊಂಡು, ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ, ಉಳಿಗಳ ಚೀಲ ಹೆಗಲಿಗೇರಿಸಿಕೊಂಡು ಆಚಾರಿ ಹತ್ತಿದರು. ರಾಧಾಮಣಿ ಕಣ್ಸನ್ನೆಯಲ್ಲೇ ತನ್ನ ಸೀಟು ತೋರಿಸಿ ಮುಂದಕ್ಕೆ ಹೋದಳು. ಆಚಾರಿ ಕೂರಲಿಲ್ಲ. ಅವಳು ತಿರುಗಿ ಬರುವವರೆಗೂ ನೋಟು ಹಿಡಿದುಕೊಂಡು ನಿಂತೇ ಇದ್ದರು.

"ಶ್ರೀರಂಗಪಟ್ಣ ಒಂದು."

"ಬುಡಿ ಮಾವ, ನಾನ್ ಹಾಕ್ಕತೀನಿ."

"ನೀನ್ಯಾಕ್ ಹಾಕ್ಕಂಡೀಯೆ? ಕೆಲ್ಸಕ್ ಹೋಗ್ತಾವ್ನಿ ಕಣವ್ವ. ಟಿಕೀಟ್ ಕೊಡು."

ಅವಳು ಟಿಕೆಟು ಹರಿದು ಕೊಟ್ಟಳು, ಚಿಲ್ಲರೆಯನ್ನೂ ಕೊಟ್ಟಳು. ಆಚಾರಿ ಟಿಕೆಟನ್ನು ನೀಟಾಗಿ ಮಡಿಚಿ ಜೇಬಿನಲ್ಲಿಟ್ಟು, ಜೇಬಿನ ಮೇಲೊಮ್ಮೆ ಕೈಯಾಡಿಸಿ, ಸೊಸೆಯ ಸೀಟಿನಲ್ಲಿ ಕೂತರು.